ಆಟಿಯ ಮಳೆ, ಮಲ್ಪೆಯ ಬೋಟುಗಳು, ಮೂರು ಕ್ಯಾನ್‌ವಾಸ್

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಲ್ಪೆ ದಕ್ಕೆಯಲ್ಲಿ ಬೋಟುಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಇವತ್ತು ಸ್ಕೆಚ್ ಮಾಡಿದ ಬೋಟು ನಾಳೆಯೂ ಅದೇ ಜಾಗದಲ್ಲಿ ಸಿಗುತ್ತದೆ. ಚಿತ್ರ ಮಾಡುವವರಿಗೆ ಇಂಥ ಅನುಕೂಲ ವರ್ಷದಲ್ಲಿ ಇನ್ನೊಮ್ಮೆ ಇಲ್ಲ. ಆದರೆ ಅಕ್ರಿಲಿಕ್ ಬಣ್ಣ ಅತಿ ಹೆಚ್ಚು ಸತಾಯಿಸುವುದೂ ಇದೇ ಎರಡು ತಿಂಗಳಲ್ಲಿ. ಅಕ್ರಿಲಿಕ್ ಒಣಗುವುದೆಂದರೆ ಅದರೊಳಗಿನ ನೀರು ಆರಿ, ಅಂಟಿನ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದು. ಹವೆಯಲ್ಲೇ ನೀರು ತುಂಬಿರುವಾಗ ಬಣ್ಣದ ನೀರು ಆರುವುದು ನಿಧಾನ. ಜನವರಿಯಲ್ಲಿ 20 ನಿಮಿಷಕ್ಕೆ ಒಣಗುವ ತೆಳು ಪದರಕ್ಕೆ ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ನಾನು ಎರಡು ಗಂಟೆ ಬಿಡುತ್ತೇನೆ.

ಅದಕ್ಕಾಗಿಯೇ 18×24 ಇಂಚಿನ ಮೂರು ಕ್ಯಾನ್‌ವಾಸ್‌ಗಳನ್ನು ಒಟ್ಟಿಗೆ ಹಿಡಿದದ್ದು. ಒಂದು ಒಣಗುತ್ತಿರುವಾಗ ಇನ್ನೊಂದರ ಕೆಲಸ. ಒಂದೇ ಕ್ಯಾನ್‌ವಾಸ್ ಇದ್ದರೆ ಕೈ ಸುಮ್ಮನಿರುವುದಿಲ್ಲ, ಹಸಿ ಪದರದ ಮೇಲೆ ಮತ್ತೆ ಮತ್ತೆ ಬ್ರಶ್ ಆಡಿಸಿ ಹಾಳುಮಾಡುತ್ತೇವೆ. ಈಗ ಮೊದಲನೆಯದು ಮುಗಿದಿದೆ: ನೀಲಿ ಬೋಟೊಂದರ ಮೂತಿ, ಹತ್ತಿರದಿಂದ. ಎರಡನೆಯದು, ಸಾಲಾಗಿ ನಿಂತ ಐದು ಬೋಟು, ಅರ್ಧಕ್ಕೆ ಬಂದಿದೆ. ಮೂರನೆಯದಕ್ಕೆ ತಳಬಣ್ಣ ಮತ್ತು ಗೆರೆ ಮಾತ್ರ ಆಗಿದೆ.

ಅಂಗಡಿಯ ಕ್ಯಾನ್‌ವಾಸ್‌ಗೆ ಜೆಸ್ಸೊ, ಅಂದರೆ ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಲೇಪ, ಬಳಿದೇ ಬಂದಿರುತ್ತದೆ, ಆದರೂ ನಾನು ಇನ್ನೆರಡು ಕೋಟ್ ಕೊಡುತ್ತೇನೆ. ನಾಲ್ಕು ಪಾಲು ಜೆಸ್ಸೊಗೆ ಒಂದು ಪಾಲು ನೀರು. ಮೊದಲ ಕೋಟ್ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ನಡುವೆ ಐದು ಗಂಟೆ, ಉಜ್ಜುವ ಮೊದಲು ಪೂರ್ತಿ ಒಂದು ರಾತ್ರಿ. ಈ ರಾತ್ರಿಯನ್ನು ಬಿಟ್ಟರೆ 220 ನಂಬರಿನ ಸ್ಯಾಂಡ್ ಪೇಪರ್ ಹಾಕಿದ ಕೂಡಲೇ ಗೊತ್ತಾಗುತ್ತದೆ. ಸರಿಯಾಗಿ ಒಣಗಿದ ಜೆಸ್ಸೊ ಹಿಟ್ಟಿನಂತೆ ಉದುರುತ್ತದೆ. ಒಣಗದ್ದು ರಬ್ಬರಿನ ಸಣ್ಣ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ, ಪೇಪರಿಗೇ ಮೆತ್ತಿಕೊಳ್ಳುತ್ತದೆ. ಸುರುಳಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಕಲಸಲು ಕುಡಿಯುವ ನೀರೇ ಒಳ್ಳೆಯದು. ಕಡಲ ಬದಿಯ ಎಷ್ಟೋ ಬಾವಿಗಳ ನೀರಿನಲ್ಲಿ ಉಪ್ಪು, ಇಲ್ಲವೇ ಕಬ್ಬಿಣದ ಕೆಂಪು ಇರುತ್ತದೆ.

ಬಿಳಿ ಜೆಸ್ಸೊ ಮೇಲೆ ನೇರವಾಗಿ ಬೂದು ಆಕಾಶ ಹಚ್ಚಿದರೆ ಚಿತ್ರ ಸಿಮೆಂಟಿನ ಗೋಡೆಯಂತೆ ಕಾಣುತ್ತದೆ. ಆದ್ದರಿಂದ ಮೂರಕ್ಕೂ ಬರ್ನ್ಟ್ ಸಿಯೆನ್ನಾ ತಳಬಣ್ಣ ಕೊಟ್ಟೆ, ನಮ್ಮ ಮುರಕಲ್ಲಿನ ಕೆಂಪು. ಒಂದು ಚಮಚ ಬಣ್ಣ, ಎರಡು ಚಮಚ ಮೀಡಿಯಮ್ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು), ಸ್ವಲ್ಪ ನೀರು. ಹಚ್ಚಿ ಹಳೇ ಬನಿಯನ್ ಬಟ್ಟೆಯಿಂದ ಅರ್ಧಕ್ಕರ್ಧ ಒರೆಸಿ ತೆಗೆಯುವುದು. ಬರೇ ನೀರಿನಲ್ಲಿ ತೆಳು ಮಾಡಿದರೆ ಅಂಟಿನ ಅಂಶ ಕಡಿಮೆಯಾಗಿ, ಮೇಲಿನ ಪದರ ಹಚ್ಚುವಾಗ ಬಣ್ಣ ಕರಗಿ ಏಳುತ್ತದೆ. ಮೇಲೆ ಬೂದು ಬಂದ ನಂತರ ಅಲ್ಲಲ್ಲಿ ಇಣುಕುವ ಈ ಕೆಂಪಿನಿಂದಲೇ ಮಳೆಗಾಲದ ಚಿತ್ರಕ್ಕೆ ಜೀವ. ಗೆರೆ ಹಾಕಿದ್ದೂ ಇದೇ ಬಣ್ಣದ ಸ್ವಲ್ಪ ಗಟ್ಟಿ ನೀರಿನಿಂದ, 4 ನಂಬರ್ ಬ್ರಶ್‌ನಲ್ಲಿ. ಪೆನ್ಸಿಲ್ ಬೇಡ, ಅದರ ಸೀಸ ತಿಳಿ ಬಣ್ಣದೊಳಗೆ ಕದಡಿ ಕೊಳೆ ಮಾಡುತ್ತದೆ.

ಆಕಾಶ, ನೀರು, ದಕ್ಕೆಯ ಒದ್ದೆ ಕಾಂಕ್ರೀಟ್ ಮೂರಕ್ಕೂ ಮೂಲ ಬೂದು ಒಂದೇ. ಟೈಟೇನಿಯಮ್ ವೈಟ್ 8 ಚಮಚ, ಅಲ್ಟ್ರಾಮರೀನ್ 1 ಚಮಚ, ಬರ್ನ್ಟ್ ಸಿಯೆನ್ನಾ ಮುಕ್ಕಾಲು ಚಮಚ. ಕಪ್ಪು ಟ್ಯೂಬ್ ಮುಟ್ಟುವುದೇ ಇಲ್ಲ. ಕಪ್ಪು ಹಾಕಿ ಮಾಡಿದ ಬೂದು ಸತ್ತಂತಿರುತ್ತದೆ. ನೀಲಿ, ಕಂದು ಸೇರಿ ಆದ ಬೂದನ್ನು ಬೇಕಾದ ಕಡೆ ತಂಪಿಗೂ ಬಿಸಿಗೂ ತಿರುಗಿಸಬಹುದು. ಆಕಾಶಕ್ಕೆ ಇನ್ನಷ್ಟು ಬಿಳಿ ಮತ್ತು ಒಂದು ಚಿಟಿಕೆ ಯೆಲ್ಲೊ ಓಕರ್, ನೀರಿಗೆ ಸಿಯೆನ್ನಾ ಹೆಚ್ಚು. ಮಳೆಗಾಲದಲ್ಲಿ ಅಲ್ಲಿನ ನೀರು ನೀಲಿ ಅಲ್ಲವೇ ಅಲ್ಲ, ಹೊಳೆ ತಂದ ಕೆಂಪು ಮಣ್ಣು ಅದರಲ್ಲಿರುತ್ತದೆ. ಮೂರು ಕ್ಯಾನ್‌ವಾಸಿಗೂ ಸಾಕಾಗುವಷ್ಟು ಒಟ್ಟಿಗೆ ಕಲಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದೇ ಬೂದನ್ನು ಎರಡನೇ ಸಲ ಕಲಸಿ ಹೊಂದಿಸುವುದು ಬಹಳ ಕಷ್ಟ, ಯಾಕೆಂದರೆ ಅಕ್ರಿಲಿಕ್ ಒಣಗಿದಾಗ ಒಂದು ಮೆಟ್ಟಿಲು ಗಾಢವಾಗುತ್ತದೆ. ಹಸಿಯಾಗಿದ್ದಾಗ ಅಂಟು ಹಾಲಿನಂತೆ ಬೆಳ್ಳಗಿದ್ದು, ಒಣಗಿದ ಮೇಲೆ ಪಾರದರ್ಶಕವಾಗುವುದು ಇದಕ್ಕೆ ಕಾರಣ. ಪ್ರತಿ ಮಿಶ್ರಣವನ್ನೂ ರಟ್ಟಿನ ತುಂಡಿಗೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ನೋಡಿಯೇ ಕ್ಯಾನ್‌ವಾಸಿಗೆ ಹಾಕುವುದು ರೂಢಿಯಾಗಬೇಕು.

ನೀಲಿ ಬೋಟಿನ ಮೈಗೆ ಥಾಲೊ ಬ್ಲೂ. ಎರಡು ಚಮಚ ಬಿಳಿಗೆ ಅಕ್ಕಿಕಾಳಿನಷ್ಟು ಸಾಕು, ಅಷ್ಟು ಖಾರ ಅದು. ಬಿಳಿಗೆ ನೀಲಿ ಸೇರಿಸುತ್ತಾ ಹೋಗಬೇಕು. ನೀಲಿಗೆ ಬಿಳಿ ಸೇರಿಸಲು ಹೊರಟರೆ ಇಡೀ ಟ್ಯೂಬ್ ಬಿಳಿ ಖಾಲಿಯಾಗುತ್ತದೆ. ಅಂಚಿನ ಕೆಂಪು ಪಟ್ಟಿಗೆ ಮೊದಲು ಬಿಳಿ ಬೆರೆಸಿದ ಗುಲಾಬಿ ಹಚ್ಚಿ, ಒಣಗಿದ ಮೇಲೆ ಕೆಂಪು. ಕಡಿಮೆ ಬೆಲೆಯ ಕೆಂಪು ಟ್ಯೂಬುಗಳು ಪಾರದರ್ಶಕ, ನೀಲಿಯ ಮೇಲೆ ನೇರ ಹಚ್ಚಿದರೆ ನಾಲ್ಕು ಕೋಟ್ ಆದರೂ ಕಂದಾಗಿಯೇ ಉಳಿಯುತ್ತದೆ.

ಮೊದಲ ಕ್ಯಾನ್‌ವಾಸಿನಲ್ಲಿ ತಪ್ಪಾದದ್ದು ನೆರಳಿನಲ್ಲಿ. ಮೂತಿಯ ಕೆಳಗಿನ ನೀಲಿ ಕೈಗೆ ಅಂಟುತ್ತಿರಲಿಲ್ಲ, ಒಣಗಿದೆ ಎಂದು ಅದರ ಮೇಲೆ ನೆರಳಿನ ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಂಥ ತೆಳು ಪದರ, ಎಳೆದೆ. ಎರಡನೇ ಎಳೆತಕ್ಕೆ ಬೆರಳ ಉಗುರಿನಷ್ಟು ಜಾಗದಲ್ಲಿ ನೀಲಿಯೇ ಸಿಪ್ಪೆಯಂತೆ ಎದ್ದು ಬ್ರಶ್ಶಿಗೆ ಬಂತು, ಕೆಳಗಿನ ಕೆಂಪು ತಳ ಕಂಡಿತು. ಮೇಲ್ಮೈ ಒಣಗಿ ಒಳಗೆ ಹಸಿ ಇದ್ದರೆ ಆಗುವುದೇ ಹೀಗೆ. ಆ ಕ್ಷಣದಲ್ಲಿ ತೇಪೆ ಹಾಕಲು ಹೋದರೆ ತೂತು ದೊಡ್ಡದಾಗುತ್ತದೆ. ಬಿಟ್ಟು, ಮರುದಿನ ಅಂಚನ್ನು ಸ್ಯಾಂಡ್ ಪೇಪರಿನಿಂದ ಸಮ ಮಾಡಿ ಹೊಸದಾಗಿ ಹಚ್ಚಿದೆ. ಈಗ ಪರೀಕ್ಷೆ ಮಾಡುವುದು ಕೈಯ ಹಿಂಬದಿಯಿಂದ: ಮುಟ್ಟಿದಾಗ ಕ್ಯಾನ್‌ವಾಸ್ ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ ಎಂದರ್ಥ. ಪಕ್ಕದ ಗೋಡೆಯಷ್ಟೇ ಬೆಚ್ಚಗಾದ ಮೇಲೆ ಮುಂದಿನ ಪದರ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗಳಲ್ಲಿ ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಮಾಡಿದ್ದು ಫ್ರೆಸ್ಕೊ. ಅದರಲ್ಲಿ ಸುಣ್ಣದ ಗಾರೆ ಆರುವ ಮೊದಲೇ ಬಣ್ಣ ಬೀಳಬೇಕು, ಹಸಿ ಗಾರೆಯೇ ಬಣ್ಣವನ್ನು ಹಿಡಿದಿಡುತ್ತದೆ. ಅಕ್ರಿಲಿಕ್ ಪೂರ್ತಿ ಉಲ್ಟಾ, ಕೆಳಗಿನ ಹಸಿಯೇ ಇಲ್ಲಿ ಶತ್ರು.

ಹೇರ್ ಡ್ರೈಯರ್ ಒಂದು ಅಡಿ ದೂರದಿಂದ, ಕಡಿಮೆ ಬಿಸಿಯಲ್ಲಿ, ಕೈ ಆಡಿಸುತ್ತಾ ಹಿಡಿದರೆ ತೆಳು ಪದರಕ್ಕೆ ಆಗಬಹುದು. ದಪ್ಪ ಬಣ್ಣಕ್ಕೆ ಹಿಡಿಯಬಾರದು. ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿದು ಆಮೇಲೆ ಬಿರುಕು ಬಿಡುತ್ತದೆ. ಅಡುಗೆಮನೆ ಅಟ್ಟ ಮಳೆಗಾಲದಲ್ಲೂ ಒಣಗಿರುತ್ತದೆ ಎಂದು ಅಲ್ಲಿ ಇಡುವ ಆಸೆಯಾಗುತ್ತದೆ, ಆದರೆ ಹೊಗೆ, ಎಣ್ಣೆ ಜಿಡ್ಡು ಮೆತ್ತನೆಯ ಅಕ್ರಿಲಿಕ್‌ಗೆ ಹಿಡಿದರೆ ಬಿಡುವುದಿಲ್ಲ. ಫ್ಯಾನಿನ ಕೆಳಗೆ, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿದರೆ ಸಾಕು.

ಹವೆ ಒದ್ದೆಯಿರುವುದರಿಂದ ಒಂದು ಲಾಭವೂ ಇದೆ. ಏಪ್ರಿಲ್‌ನಲ್ಲಿ ಆಕಾಶವನ್ನು ಒಂದು ಬಣ್ಣದಿಂದ ಇನ್ನೊಂದಕ್ಕೆ ಬೆರೆಸುವಷ್ಟರಲ್ಲಿ ಬ್ರಶ್ ಸಿಕ್ಕಿಕೊಳ್ಳುತ್ತದೆ. ಜುಲೈಯಲ್ಲಿ ಎರಡು ಇಂಚಿನ ಮೆತ್ತಗಿನ ಬ್ರಶ್‌ನಿಂದ ಹತ್ತು ನಿಮಿಷ ಸಮಾಧಾನವಾಗಿ ಬೆರೆಸಬಹುದು. ಎರಡನೇ ಕ್ಯಾನ್‌ವಾಸಿನ ಮೋಡ ಇಷ್ಟು ಚೆನ್ನಾಗಿ ಬಂದದ್ದು ಅದರಿಂದಲೇ.

ಹಗ್ಗಗಳನ್ನು ಕೊನೆಗೆ ಎಳೆಯುವುದು. ಉದ್ದ ಕೂದಲಿನ 1 ನಂಬರ್ ರಿಗ್ಗರ್ ಬ್ರಶ್, ಬಣ್ಣ ಶಾಯಿಯಷ್ಟು ತೆಳು. ಮಣಿಕಟ್ಟಿನಿಂದ ಎಳೆದರೆ ಗೆರೆ ಮುರಿಯುತ್ತದೆ, ಮೊಣಕೈಯಿಂದ ಒಂದೇ ಎಳೆತದಲ್ಲಿ ಬರಬೇಕು. ಹಗ್ಗ ನೇರವಾಗಿರುವುದಿಲ್ಲ, ತನ್ನ ಭಾರಕ್ಕೆ ಜೋತಿರುತ್ತದೆ; ಆ ಜೋಲು ತಪ್ಪಿದರೆ ಬೋಟು ಸರಪಳಿಯಲ್ಲಿ ಕಟ್ಟಿದಂತೆ ಬಿಗಿಯಾಗಿ ಕಾಣುತ್ತದೆ. ನೀರಿನ ಮೇಲಿನ ಪ್ರತಿಬಿಂಬಕ್ಕೆ ಬೋಟಿನ ಬಣ್ಣವನ್ನೇ ಹಾಕಬಾರದು. ತಿಳಿ ಬಣ್ಣಕ್ಕೆ ಬೂದು ಸೇರಿಸಿ ಸ್ವಲ್ಪ ಗಾಢ ಮಾಡಿ, ಗಾಢಕ್ಕೆ ಅದೇ ಬೂದು ಸೇರಿಸಿ ಸ್ವಲ್ಪ ತಿಳಿ ಮಾಡಿ, ಅಡ್ಡ ಗೆರೆಗಳಲ್ಲಿ ಒಡೆದು ಹಾಕಬೇಕು.

ಮುಗಿದ ಕ್ಯಾನ್‌ವಾಸಿಗೆ ವಾರ್ನಿಶ್ ಈಗ ಹಾಕುವುದಿಲ್ಲ. ಹಿಂದೊಮ್ಮೆ ಮಳೆಗಾಲದಲ್ಲಿ ಹಾಕಿದ ಮ್ಯಾಟ್ ವಾರ್ನಿಶ್, ಗಾಢ ಬಣ್ಣದ ಮೇಲೆ ಮಂಜು ಕವಿದಂತೆ ಬೆಳ್ಳಗಾಗಿ ಹಾಗೆಯೇ ಉಳಿಯಿತು. ದಪ್ಪ ಕೋಟ್‌ನೊಳಗೆ ತೇವ ಸಿಕ್ಕಿಕೊಳ್ಳುವುದು ಒಂದು ಕಾರಣ, ಬಾಟಲಿಯ ತಳದಲ್ಲಿ ಕೂತ ಮ್ಯಾಟ್ ಪುಡಿಯನ್ನು ಸರಿಯಾಗಿ ಕಲಕದಿದ್ದದ್ದು ಇನ್ನೊಂದು. ಡಿಸೆಂಬರ್ ಬರಲಿ. ಆರ್ದ್ರತೆ ತೋರಿಸುವ ಸಣ್ಣ ಮೀಟರ್ 70ಕ್ಕಿಂತ ಕೆಳಗೆ ಇಳಿದ ದಿನ, ಬೆಳಿಗ್ಗೆ 11ರ ನಂತರ, ಎರಡು ತೆಳು ಕೋಟ್. ಅಲ್ಲಿಯವರೆಗೆ ಕ್ಯಾನ್‌ವಾಸ್‌ಗಳನ್ನು ಮುಖಕ್ಕೆ ಮುಖ ಮಾಡಿ ಒರಗಿಸಬಾರದು. ಒಣಗಿದ ಅಕ್ರಿಲಿಕ್ ಕೂಡ ಸೆಕೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಬಿಡಿಸುವಾಗ ಎರಡೂ ಹೋಗುತ್ತವೆ. ಪ್ಲಾಸ್ಟಿಕ್ ಸುತ್ತುವುದೂ ಬೇಡ, ಒಳಗೆ ಬೆವರಿ ಹಿಂಬದಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತೂಗುಹಾಕುವಾಗ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆ ತುಂಡು ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ.

ಆಗಸ್ಟ್ ಶುರುವಾದರೆ ಬೋಟುಗಳು ಕಡಲಿಗೆ ಹೊರಡುತ್ತವೆ. ಹಾಗಾಗಿ ನಿಷೇಧ ಮುಗಿಯುವ ಮೊದಲು ಮೂರನೇ ಕ್ಯಾನ್‌ವಾಸಿಗೆ ಬೇಕಾದ ಬಣ್ಣದ ಚೀಟಿಗಳನ್ನು ಅಲ್ಲೇ ಕೂತು ಮಾಡಿಕೊಳ್ಳಬೇಕು: ರಟ್ಟಿನ ತುಂಡಿಗೆ ಬಣ್ಣ ಹಚ್ಚಿ, ಬೋಟಿನ ಎದುರು ಹಿಡಿದು, ಹೊಂದಿದ್ದನ್ನು ಗುರುತು ಹಾಕುವುದು. ಫೋನಿನ ಫೋಟೊ ಬೂದನ್ನು ನೀಲಿಯಾಗಿ ತೋರಿಸುತ್ತದೆ, ನೆರಳನ್ನು ಬರೇ ಕಪ್ಪು ಮಾಡುತ್ತದೆ. ಇದುವರೆಗೆ ಒಂಬತ್ತು ಚೀಟಿ ಆಗಿವೆ. ಟಾರ್ಪಾಲಿನ ಅಡಿಯ ಹಸಿರು ನೆರಳಿನದ್ದು ಇನ್ನೂ ಸಿಕ್ಕಿಲ್ಲ.