ಲಾಕ್‌ಡೌನ್‌ನಲ್ಲಿ ಬಾರದೆ ಹೋದ ರೆಫರಲ್ ಪತ್ರಗಳು: ನನ್ನ ಅನುಭವ

2020ರ ಮಾರ್ಚ್ ಕೊನೆಯ ಹೊತ್ತಿಗೆ, ನಾನು ಕೆಲಸ ಮಾಡುತ್ತಿದ್ದ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ದಂತವೈದ್ಯರು ರೋಗಿಗಳನ್ನು ಕಳುಹಿಸುವಾಗ ಬರೆಯುತ್ತಿದ್ದ ರೆಫರಲ್ ಪತ್ರಗಳು ತೀರಾ ವಿರಳವಾದವು. ವಾಹನ ಸಂಚಾರ ನಿಂತಿದ್ದರಿಂದ ದವಡೆ ಮುರಿದುಕೊಂಡು ಬರುವವರು ಕಡಿಮೆಯಾದದ್ದು ನನಗೆ ಅರ್ಥವಾಯಿತು. ಆದರೆ ಬುದ್ಧಿಹಲ್ಲಿನ ಬಾವು, ಮಾಯದ ಹುಣ್ಣು, ಕೆನ್ನೆಯ ಒಳಬದಿಯ ಬಿಳಿ ಮಚ್ಚೆಗಳು ಒಮ್ಮೆಲೇ ಕಡಿಮೆಯಾಗಲು ಕಾರಣವೇ ಇರಲಿಲ್ಲ. ಯಾರೋ ಒಬ್ಬ ದಂತವೈದ್ಯರು ಬಾಯಿ ತೆರೆಸಿ ನೋಡಿದರೆ ಮಾತ್ರ ನಮಗೆ ಪತ್ರ ಬರುತ್ತದೆ. ಹಲ್ಲು ಶುಚಿಗೊಳಿಸಿಕೊಳ್ಳಲು ಬಂದವರ ನಾಲಿಗೆಯ ಅಂಚಿನಲ್ಲಿ ನೋವಿಲ್ಲದ ಗಂಟು ಕಣ್ಣಿಗೆ ಬೀಳುವುದು ಹೀಗೆಯೇ. ಹಲ್ಲಿನ ಚಿಕಿತ್ಸೆಯ ವೇಳೆ ಗಾಳಿಗೆ ಹಾರುವ ಸೂಕ್ಷ್ಮ ಹನಿಗಳಿಂದ (ಏರೋಸಾಲ್) ಕೋವಿಡ್ ಸೋಂಕು ಹರಡುವ ಭಯದಿಂದ ಆ ತಪಾಸಣೆಗಳೇ ನಿಂತುಹೋಗಿದ್ದವು.

ಬಂದ ಪತ್ರಗಳನ್ನು ನಾನು ಮೂರು ಕಟ್ಟುಗಳಾಗಿ ವಿಂಗಡಿಸುತ್ತಿದ್ದೆ. ನುಂಗಲು ಕಷ್ಟ, ಬಾಯಿ ತೆರೆಯಲಾಗದಿರುವುದು, ನಾಲಿಗೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ ಎಂದಿದ್ದರೆ ಅದೇ ದಿನ ಕರೆಸುತ್ತಿದ್ದೆ, ಏಕೆಂದರೆ ಬಾಯಿಯ ತಳಕ್ಕೆ ಇಳಿದ ಸೋಂಕು ಉಸಿರಾಟದ ದಾರಿಯನ್ನೇ ಮುಚ್ಚಬಲ್ಲದು. ಎರಡು ವಾರ ಕಳೆದರೂ ಮಾಯದ ಹುಣ್ಣುಗಳನ್ನು ಬಯಾಪ್ಸಿಗಾಗಿ, ಅಂದರೆ ಚೂರು ತೆಗೆದು ಪರೀಕ್ಷಿಸಲು, ಆದಷ್ಟು ಬೇಗ ನೋಡುತ್ತಿದ್ದೆ. ಉಳಿದವರೊಡನೆ ಫೋನಿನಲ್ಲಿ ಮಾತನಾಡಿ, ಫೋಟೊ ತರಿಸಿಕೊಂಡು ನಿರ್ಧರಿಸುತ್ತಿದ್ದೆ.

ನಾನು ಎಡವಿದ್ದು ಈ ಮೂರನೆಯ ಕಟ್ಟಿನಲ್ಲಿ. 'ಹಲ್ಲು ಕಿತ್ತ ಜಾಗ ಮಾಗಿಲ್ಲ, ಎರಡು ಬಾರಿ ಆ್ಯಂಟಿಬಯಾಟಿಕ್ ಕೊಡಲಾಗಿದೆ' ಎಂಬ ಒಂದೇ ಸಾಲಿನ ಪತ್ರವನ್ನು ಸಾಮಾನ್ಯ ಸೋಂಕೆಂದು ಭಾವಿಸಿ ಕಾಯುವವರ ಪಟ್ಟಿಗೆ ಸೇರಿಸಿದೆ. ಫೋನಿನಲ್ಲಿ ಬಂದ ಚಿತ್ರ ಮಸುಕಾಗಿತ್ತು, ರೋಗಿ ನೋವು ಅಷ್ಟೇನಿಲ್ಲ ಎಂದರು, ನಾನೂ ಒಪ್ಪಿಕೊಂಡೆ. ಆರು ವಾರಗಳ ನಂತರ ಅವರು ಎದುರಿಗೆ ಕುಳಿತಾಗ ಕೆಳತುಟಿಯ ಒಂದು ಬದಿ ಮರಗಟ್ಟಿತ್ತು, ಗಾಯದ ಅಂಚು ಗಟ್ಟಿಯಾಗಿ ಮೇಲೆದ್ದಿತ್ತು; ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಮಾಯದ ಗಾಯವನ್ನು ಅನುಮಾನಿಸಬೇಕೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವನು ನಾನೇ. ಬೆರಳಿನಿಂದ ಮುಟ್ಟಿದ್ದರೆ ತಿಳಿಯುತ್ತಿದ್ದುದನ್ನು ಚಿತ್ರ ತಿಳಿಸಲಿಲ್ಲ.

ಅಂದಿನಿಂದ ಲಕ್ಷಣ ಆರಂಭವಾದ ದಿನ, ತುಟಿಯ ಸ್ಪರ್ಶಜ್ಞಾನ, ಬಾಯಿ ಎಷ್ಟು ಬೆರಳಗಲ ತೆರೆಯುತ್ತದೆ, ಈವರೆಗೆ ನುಂಗಿದ ಔಷಧಗಳು ಎಂಬ ನಾಲ್ಕು ವಿವರಗಳನ್ನು ಪ್ರತಿ ಪತ್ರದಲ್ಲೂ ಬರೆಯುವಂತೆ ದಂತವೈದ್ಯರನ್ನು ಕೇಳಿಕೊಂಡೆ. ಬರೆಯದಿದ್ದರೆ ನಾನೇ ಫೋನ್ ಮಾಡಿ ಕೇಳುತ್ತಿದ್ದೆ.

ನಿರ್ಬಂಧಗಳು ಸಡಿಲವಾದಾಗ ಪತ್ರಗಳು ಮತ್ತೆ ಬಂದವು, ಆದರೆ ಬಂದವರ ಸ್ಥಿತಿ ಬದಲಾಗಿತ್ತು. ಕೀವನ್ನು ಹೊರಹಾಕದೆ ತಿಂಗಳುಗಟ್ಟಲೆ ಮಾತ್ರೆಗಳಲ್ಲೇ ಹಲ್ಲಿನ ಸೋಂಕನ್ನು ತಡೆದಿಟ್ಟುಕೊಂಡಿದ್ದವರಿಗೆ ಕುರ್ಚಿಯಲ್ಲಿ ಕೂರಿಸಿ ಹಲ್ಲು ಕಿತ್ತರೆ ಸಾಕಾಗುತ್ತಿರಲಿಲ್ಲ. ಕೆಲವರನ್ನು ದಾಖಲಿಸಿಕೊಂಡು, ಅರಿವಳಿಕೆ ಕೊಟ್ಟು, ಕುತ್ತಿಗೆಯ ಹೊರಗಿನಿಂದ ಕೀವು ತೆಗೆಯಬೇಕಾಯಿತು. ಹೀಗೆ ಒಬ್ಬರಿಗೇ ಹೆಚ್ಚು ಹೊತ್ತು ಹಿಡಿಯುತ್ತಿದ್ದುದರಿಂದ, ಪತ್ರಗಳ ಸಂಖ್ಯೆ ಹಳೆಯ ಮಟ್ಟ ಮುಟ್ಟುವ ಮೊದಲೇ ನಮ್ಮ ಕಾಯುವವರ ಪಟ್ಟಿ ಹಿಂದೆಂದೂ ಇಲ್ಲದಷ್ಟು ಉದ್ದವಾಗಿತ್ತು.