ಟುವಾಮೋಟು ಹವಳದ್ವೀಪಗಳಿಗೆ ಹಾಯಿದೋಣಿಯಲ್ಲಿ: ಒಳಗೆ ಹೋಗುವುದು, ಲಂಗರು ಹಾಕುವುದು

ಫ್ರೆಂಚ್ ಪಾಲಿನೇಷ್ಯಾದ ಟುವಾಮೋಟುವಿನಲ್ಲಿ ದೂರದಿಂದ ಕಾಣುವ ಗುಡ್ಡಗಳಿಲ್ಲ. ತೆಂಗಿನ ತುದಿಯೇ ಗುರುತು, ಅದೂ ಏಳೆಂಟು ಮೈಲಿ ಹತ್ತಿರ ಬಂದ ಮೇಲೆ. ಆದ್ದರಿಂದ ರಾತ್ರಿ ಹತ್ತಿರ ಹೋಗಲೇಬೇಡಿ. ಚಂಡಮಾರುತದ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಮೇಯಿಂದ ಅಕ್ಟೋಬರ್ ಒಳ್ಳೆಯದು. ಈಶಾನ್ಯಕ್ಕಿರುವ ಮಾರ್ಕೆಸಾಸ್ ದ್ವೀಪಸಮೂಹದ ನುಕು ಹಿವಾ ಅಥವಾ ಹಿವಾ ಓವಾದಲ್ಲಿ ಪ್ರವೇಶದ ಕಾಗದಪತ್ರ, ದಿನಸಿ, ಇಂಧನ ಎಲ್ಲ ಮುಗಿಸಿಕೊಳ್ಳಿ. ಅಲ್ಲಿಂದ ಸುಮಾರು 500 ನಾಟಿಕಲ್ ಮೈಲಿ, ನಾಲ್ಕೈದು ದಿನದ ಹಾದಿ.

ನಿಜವಾದ ಪರೀಕ್ಷೆ ಹವಳದಿಬ್ಬದ ನಡುವಿನ ಕಿಂಡಿಯಲ್ಲಿ. ಲಗೂನಿನ (ದಿಬ್ಬ ಸುತ್ತುವರಿದ ಒಳಗಿನ ಕೊಳದ) ನೀರು ಹೆಚ್ಚಾಗಿ ಅದರಲ್ಲೇ ಹೋಗಿಬರಬೇಕು. ಕೆಲವು ಕಡೆ ಸೆಳೆತ 6 ನಾಟ್ (ಗಂಟೆಗೆ 6 ನಾಟಿಕಲ್ ಮೈಲಿ) ದಾಟುತ್ತದೆ. ಉಬ್ಬರವಿಳಿತದ ಪಟ್ಟಿ ನೋಡಿ ನೀರು ನಿಲ್ಲುವ ಹೊತ್ತು ಲೆಕ್ಕ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ದಕ್ಷಿಣದ ದೊಡ್ಡ ಅಲೆಗಳು ದಿಬ್ಬದ ಮೇಲಿಂದ ನೀರನ್ನು ಲಗೂನಿಗೆ ಸುರಿಯುತ್ತಿದ್ದರೆ ಉಬ್ಬರದಲ್ಲೂ ನೀರು ಹೊರಕ್ಕೇ ಹರಿಯಬಹುದು. ಹೊರಗೆ ನಿಂತು ದುರ್ಬೀನಿನಲ್ಲಿ ನೋಡಿ: ಗಾಳಿಗೆ ಎದುರಾಗಿ ಸೆಳೆತವಿದ್ದರೆ ನಿಂತಲ್ಲೇ ಏಳುವ ಕಡಿದಾದ ಬಿಳಿ ಅಲೆಗಳು ಕಾಣುತ್ತವೆ. ಕಂಡರೆ ಒಂದೆರಡು ಗಂಟೆ ಕಾಯಿರಿ. ಫಕರಾವಾ ಹವಳದ್ವೀಪದ ಉತ್ತರದ ಗರುವೇ ಕಿಂಡಿ ಸುಮಾರು 1,600 ಮೀಟರ್ ಅಗಲ. ಮೊದಲ ಸಲ ಬರುವವರಿಗೆ ಅದೇ ಒಳ್ಳೆಯದು.

ಒಳಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ, ಸೂರ್ಯ ಮೇಲೆ ಅಥವಾ ಬೆನ್ನ ಹಿಂದೆ ಇರುವಾಗ ಮಾತ್ರ ಓಡಿಸಿ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡ ಒಬ್ಬರು ಮುಂಭಾಗದಲ್ಲಿ ಎತ್ತರಕ್ಕೆ ನಿಲ್ಲಲಿ. ಕಡುನೀಲಿ ಆಳ, ತಿಳಿ ಪಚ್ಚೆ ಮರಳು, ಕಂದು ಎಂದರೆ ಹವಳ. ಮೋಡ ಮುಚ್ಚಿದರೆ ಈ ಬಣ್ಣಗಳೆಲ್ಲ ಒಂದೇ ಆಗುತ್ತವೆ, ಆಗ ನಿಲ್ಲಿಸಿಬಿಡಿ. ಅಹೆ, ಮನಿಹಿಯಂಥ ಹವಳದ್ವೀಪಗಳಲ್ಲಿ ಮುತ್ತಿನ ತೋಟಗಳ ಹಗ್ಗಗಳಿವೆ, ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ನಿಂತಂತೆಯೇ.

ಲಂಗರನ್ನು ಮರಳಿಗೇ ಹಾಕಿ. ಅಲ್ಲಲ್ಲಿ ಹವಳದ ಗುಡ್ಡೆಗಳಿರುತ್ತವೆ. ಗಾಳಿ ತಿರುಗಿದಾಗ ಸರಪಳಿ ಅವಕ್ಕೆ ಸುತ್ತಿಕೊಂಡು ಗಿಡ್ಡವಾಗುತ್ತದೆ, ಆಮೇಲೆ ಪ್ರತಿ ಅಲೆಗೂ ದೋಣಿಯ ಮೂತಿ ಜಗ್ಗುತ್ತದೆ. ಹವಳವೂ ಪುಡಿಯಾಗುತ್ತದೆ, ಅದು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಉಪಾಯ: 10 ಮೀಟರ್ ಆಳದಲ್ಲಿ ಮೊದಲ 15 ಮೀಟರ್ ಸರಪಳಿಯನ್ನು ತಳದಲ್ಲಿ ಬಿಡಿ, ನಂತರ ಉಳಿದದ್ದು ಹವಳದ ಮೇಲೆ ತೇಲುವಂತೆ ಪ್ರತಿ 5 ಮೀಟರಿಗೊಂದು ತೇಲುಗುಂಡು ಕಟ್ಟಿ. 10 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 2 ಕೆ.ಜಿ. ತೂಗುತ್ತದೆ, ಹಾಗಾಗಿ 10 ಕೆ.ಜಿ. ಎತ್ತುವ ಗುಂಡು ಸಾಕು. ದೊಡ್ಡದಾದರೆ ಲಂಗರಿನ ಹಿಡಿತವೇ ಸಡಿಲವಾಗುತ್ತದೆ. ಕೊನೆಯಲ್ಲಿ 8 ಮೀಟರಿನ ನೈಲಾನ್ ಹಗ್ಗವನ್ನು ಸರಪಳಿಗೆ ಕಟ್ಟಿ ಜಗ್ಗಾಟ ತಗ್ಗಿಸಿ. ಸಾಧ್ಯವಾದರೆ ನೀರಿಗಿಳಿದು ಲಂಗರು ಕಚ್ಚಿದೆಯೇ ಎಂದು ಕಣ್ಣಾರೆ ನೋಡಿ.

ಸಿಹಿನೀರು ಇಲ್ಲಿ ಮಳೆಯಿಂದಲೇ; ಊರವರ ತೊಟ್ಟಿಯನ್ನು ನೆಚ್ಚಬೇಡಿ. ದಿಬ್ಬದ ಮೀನು ಹಿಡಿದರೆ ಮೊದಲು ಅಲ್ಲಿನವರನ್ನು ಕೇಳಿ. ಹವಳದಿಬ್ಬದ ಕೆಲವು ಮೀನುಗಳಲ್ಲಿ ಸೇರಿಕೊಳ್ಳುವ ಸಿಗುವಾಟೆರಾ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಒಂದು ದ್ವೀಪದಲ್ಲಿ ತಿನ್ನುವ ಮೀನು ಪಕ್ಕದ್ದರಲ್ಲಿ ವಿಷವಾಗಿರಬಹುದು.