ದಾರಿಯಲ್ಲಿ ತೆಗೆದ ಚಿತ್ರ, ಅಂದೇ ಬರೆದ ಟಿಪ್ಪಣಿ

ಕ್ಯಾಮೆರಾ ಹಿಡಿದು ಸುತ್ತಲು ಆರಂಭಿಸಿದ ಮೊದಲ ವರ್ಷಗಳಲ್ಲಿ, ಪ್ರಯಾಣ ಮುಗಿದು ವಾರಗಳು ಕಳೆದ ಮೇಲೆಯೇ ನಾನು ಬರೆಯಲು ಕೂರುತ್ತಿದ್ದೆ. ಚಿತ್ರಗಳೇನೋ ಸಾವಿರಾರು ಇರುತ್ತಿದ್ದವು. ಆದರೆ ಸೇತುವೆಯ ಮೇಲೆ ಎಷ್ಟು ಹೊತ್ತು ಕಾದಿದ್ದೆ, ದೋಣಿಯಲ್ಲಿದ್ದವರು ನನ್ನನ್ನು ಕಂಡು ನಕ್ಕದ್ದೇಕೆ ಎಂಬುದೆಲ್ಲ ಮರೆತುಹೋಗಿರುತ್ತಿತ್ತು. ಹಾಗಾಗಿ ಬರಹವು ಚಿತ್ರದಲ್ಲಿ ಕಾಣುವುದನ್ನೇ ಇನ್ನೊಮ್ಮೆ ಹೇಳುವ ಅಡಿಬರಹವಾಗಿಬಿಡುತ್ತಿತ್ತು.

ಈ ರೂಢಿಯನ್ನು ಬಿಡಿಸಿದ್ದು ಒಂದು ಗಡಿಯಾರ. ಸಮಯವಲಯ ಬದಲಾಗುವ ಪ್ರಯಾಣವೊಂದರಲ್ಲಿ ನನ್ನ ಬಳಿ ಎರಡು ಕ್ಯಾಮೆರಾಗಳಿದ್ದವು. ಒಂದರ ಸಮಯವನ್ನು ಸರಿಪಡಿಸಿಕೊಂಡೆ, ಇನ್ನೊಂದನ್ನು ಮರೆತೆ. ಅದು ಎರಡೂವರೆ ಗಂಟೆ ಹಿಂದೆಯೇ ಉಳಿಯಿತು. ತಿಂಗಳ ನಂತರ ಎರಡರ ಚಿತ್ರಗಳನ್ನೂ ಸಮಯದ ಕ್ರಮದಲ್ಲಿ ಜೋಡಿಸಿದಾಗ, ಮಳೆಯ ಚಿತ್ರಗಳು ಮುಂದಾಗಿ, ಜನರು ಮೈದಾನದಿಂದ ಹೊರಟ ಚಿತ್ರಗಳು ಹಿಂದಾದವು. ನಾನು ಆ ಕ್ರಮವನ್ನೇ ನಂಬಿ, ಮಳೆಗೆ ಹೆದರಿ ಜನ ಚದುರಿದರೆಂದು ಭಾವಪೂರ್ಣವಾಗಿ ಬರೆದು ಹಂಚಿಕೊಂಡೆ. ಅವರೆಲ್ಲ ಮಳೆಗೆ ಬಹಳ ಮೊದಲೇ ಮನೆಗೆ ಹೋಗಿದ್ದರೆಂದು ಜೊತೆಗಿದ್ದ ಗೆಳೆಯರೊಬ್ಬರು ತಿಳಿಸಿದಾಗ ನಾಚಿಕೆಯಾಯಿತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸೆಕೆಂಡುಗಳನ್ನು ತೋರಿಸುವ ಮೊಬೈಲ್ ಗಡಿಯಾರವನ್ನು ಎರಡೂ ಕ್ಯಾಮೆರಾಗಳಿಂದ ಒಮ್ಮೆ ಕ್ಲಿಕ್ಕಿಸಿಕೊಳ್ಳುತ್ತೇನೆ. ಚಿತ್ರದೊಳಗೆ ಕಾಣುವ ಸಮಯಕ್ಕೂ ಕ್ಯಾಮೆರಾ ದಾಖಲಿಸಿದ ಸಮಯಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ, ಅಂದಿನ ಎಲ್ಲ ಚಿತ್ರಗಳ ಸಮಯವನ್ನೂ ತಂತ್ರಾಂಶದಲ್ಲಿ ಒಂದೇ ಬಾರಿಗೆ ಸರಿಪಡಿಸಬಹುದು.

ಈಗ ಅಂದಿನ ಚಿತ್ರಗಳನ್ನು ಅಂದೇ ಆರಿಸಿ, ಅಂದೇ ಬರೆಯುತ್ತೇನೆ. ನಾನು ಹೆಚ್ಚಾಗಿ ಚಿತ್ರ ತೆಗೆಯುವುದು ಸೂರ್ಯೋದಯದ ಮತ್ತು ಸೂರ್ಯಾಸ್ತದ ಆಸುಪಾಸಿನಲ್ಲಿ, ಅದರಲ್ಲೂ ಸೂರ್ಯನು ದಿಗಂತದಿಂದ ಸುಮಾರು 6 ಡಿಗ್ರಿ ಕೆಳಗಿರುವವರೆಗಿನ ಸಂಧ್ಯಾಬೆಳಕಿನಲ್ಲಿ. ಸಮಭಾಜಕದ ಸಮೀಪ ಸೂರ್ಯ ನೇರವಾಗಿ ಇಳಿಯುವುದರಿಂದ ಈ ಬೆಳಕು ಬೇಗನೆ ಆರಿಹೋಗುತ್ತದೆ. ಧ್ರುವಗಳ ಕಡೆಗೆ ಹೋದಂತೆ ಓರೆಯಾಗಿ ಇಳಿಯುವುದರಿಂದ ಬಹಳ ಹೊತ್ತು ಉಳಿಯುತ್ತದೆ. ನಡುಮಧ್ಯಾಹ್ನದ ಕಡುಬಿಸಿಲು ಟಿಪ್ಪಣಿ ಬರೆಯಲು ಒದಗಿಬರುತ್ತದೆ.

ರಾತ್ರಿ ತಂಗಿದಲ್ಲಿ ಮೊದಲ ಕೆಲಸ ನಕಲು. ಮೆಮೊರಿ ಕಾರ್ಡಿನಿಂದ ಎರಡು ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿ, ಅವುಗಳನ್ನು ಎರಡು ಬೇರೆ ಚೀಲಗಳಲ್ಲಿಡುತ್ತೇನೆ. ಎರಡನ್ನೂ ತೆರೆದು ನೋಡುವವರೆಗೆ ಕಾರ್ಡನ್ನು ಅಳಿಸುವುದಿಲ್ಲ. ಒಮ್ಮೆ ನಿದ್ದೆಗಣ್ಣಿನಲ್ಲಿ ಅಳಿಸಿಬಿಟ್ಟಿದ್ದೆ. ಅಳಿಸಿದ ಕಡತವು ಅದರ ಜಾಗದಲ್ಲಿ ಹೊಸದೊಂದು ಬಂದು ಕೂರುವವರೆಗೆ ಸಾಮಾನ್ಯವಾಗಿ ಕಾರ್ಡಿನಲ್ಲೇ ಇರುತ್ತದೆಂದು ತಿಳಿದಿದ್ದರಿಂದ, ಆ ಕಾರ್ಡಿನಲ್ಲಿ ಮತ್ತೊಂದೂ ಚಿತ್ರ ತೆಗೆಯದೆ ಕಾದು, ಹೆಚ್ಚಿನವನ್ನು ಮರಳಿ ಪಡೆದೆ.

ಆಯ್ಕೆಯಲ್ಲಿ ನಾನು ನಿಷ್ಠುರ. ಮುನ್ನೂರರಲ್ಲಿ ಮೂವತ್ತು, ಮೂವತ್ತರಲ್ಲಿ ನಾಲ್ಕೋ ಐದೋ ಉಳಿದರೆ ಸಾಕು. ನೋಡಿದ ಕೂಡಲೇ ಮೆಚ್ಚಿಸುವ ಸೂರ್ಯಾಸ್ತವನ್ನು ಬದಿಗಿಡುತ್ತೇನೆ, ಏಕೆಂದರೆ ಅದರ ಬಗ್ಗೆ ಬರೆಯಲು ನನಗೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ತಿದ್ದುಪಡಿಯೂ ಬೆಳಕು ಮತ್ತು ಚೌಕಟ್ಟಿಗೆ ಸೀಮಿತ. ಮಂದ ಬೆಳಕಿನ ಕೋಣೆಯಲ್ಲಿ ಪರದೆ ಹೆಚ್ಚು ಪ್ರಖರವಾಗಿ ಕಂಡು, ಚಿತ್ರವನ್ನು ಅಗತ್ಯಕ್ಕಿಂತ ಕಪ್ಪಾಗಿಸುವಂತೆ ಮಾಡುತ್ತದೆ. ಆದ್ದರಿಂದ ಕಣ್ಣನ್ನು ನಂಬದೆ, ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್ ನೋಡಿಕೊಳ್ಳುತ್ತೇನೆ. ಮೂಲವನ್ನಂತೂ ರಾ ರೂಪದಲ್ಲೇ, ಅಂದರೆ ಕ್ಯಾಮೆರಾದ ಸಂವೇದಕ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಇಡುವ ಕಡತವಾಗಿಯೇ, ಉಳಿಸುತ್ತೇನೆ: 8 ಬಿಟ್‌ನ ಜೆಪೆಗ್ ಪ್ರತಿ ಬಣ್ಣಕ್ಕೆ ಬೆಳಕಿನ 256 ಹಂತಗಳನ್ನಷ್ಟೇ ಹಿಡಿದರೆ, 14 ಬಿಟ್‌ನ ರಾ 16,384 ಹಂತಗಳನ್ನು ಹಿಡಿಯಬಲ್ಲದು, ಹಾಗಾಗಿ ನೆರಳಿನಲ್ಲಿ ಅಡಗಿದ ವಿವರವನ್ನು ಮುಂದೆಂದಾದರೂ ಮೇಲೆತ್ತಬಹುದು.

ಟಿಪ್ಪಣಿಯಲ್ಲಿ ಚಿತ್ರಕ್ಕೆ ಸಿಗದಿರುವುದನ್ನು ಮಾತ್ರ ಬರೆಯುತ್ತೇನೆ: ಗಾಳಿ ಎತ್ತಲಿಂದ ಬೀಸುತ್ತಿತ್ತು, ಚೌಕಟ್ಟಿನ ಆಚೆ ಯಾರಿದ್ದರು, ಚಿತ್ರ ಬೇಡವೆಂದವರು ಏನು ಹೇಳಿದರು. ಹಂಚಿಕೊಳ್ಳುವ ಮುನ್ನ ಚಿತ್ರದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ತೆಗೆದುಹಾಕುತ್ತೇನೆ. ಹಕ್ಕಿಯ ಗೂಡಾಗಲಿ, ಒಂಟಿ ಮನೆಯಾಗಲಿ ಇದ್ದರೆ ಬರಹದಲ್ಲೂ ಸ್ಥಳವನ್ನು ಸೂಚಿಸುವುದಿಲ್ಲ, ಮತ್ತು ನಾನು ಆ ಜಾಗ ಬಿಟ್ಟು ಮುಂದೆ ಸಾಗುವವರೆಗೆ ಏನನ್ನೂ ಪ್ರಕಟಿಸುವುದಿಲ್ಲ.

ಕಳೆದ ಪ್ರಯಾಣದಲ್ಲಿ ಬಲೆ ನೇಯುತ್ತಿದ್ದ ಹಿರಿಯರೊಬ್ಬರು ಕೈಯೆತ್ತಿ ಬೇಡವೆಂದರು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಪಕ್ಕದಲ್ಲಿ ಕುಳಿತೆ; ಅರ್ಧ ಗಂಟೆಯ ನಂತರ ಅವರಾಗಿಯೇ, ಮುಖವನ್ನು ಬಿಟ್ಟು ಕೈಗಳನ್ನು ಬೇಕಾದರೆ ತೆಗೆದುಕೊಳ್ಳಿ ಎಂದರು. ಆ ರಾತ್ರಿ ಹಂಚಿಕೊಳ್ಳಲು ಆರಿಸಿದ ನಾಲ್ಕು ಚಿತ್ರಗಳಲ್ಲಿ ಮೊದಲನೆಯದು ಆ ಕೈಗಳದು, ಅದರ ಜೊತೆಗಿನ ಟಿಪ್ಪಣಿ ಆ ಅರ್ಧ ಗಂಟೆಯದು.